ಹೂಬತ್ತಿಯಲ್ಲಿ ತೀಡಿದ ನೀಹಾರಿಕೆ

1998ರ ಶಿವರಾತ್ರಿ. ಚಳ್ಳಕೆರೆ ಸೀಮೆಯ ಆ ಊರಿನಲ್ಲಿ ಜಾಗರಣೆಗೆಂದು ಎಲ್ಲರೂ ದೇವಸ್ಥಾನ ಸೇರಿದ್ದರೆ ಇಬ್ಬರು ಮಾತ್ರ ಊರಾಚೆಯ ರಾಗಿ ಕಣದಲ್ಲಿ ಉಳಿದಿದ್ದರು. ಒಬ್ಬರು ರಾಶಿ ಕಾಯಲು ಕೂತ ಸೋದರಮಾವ. ಇನ್ನೊಬ್ಬ ಸಂಜೆಯ ಬಸ್ಸಿಗೆ ಬೆಂಗಳೂರಿನಿಂದ ಬಂದಿಳಿದ, ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ, ಇಪ್ಪತ್ತೇಳರ ಹರೆಯದ ಅಳಿಯ. ಏಳೂವರೆಗೆ ಎಂದಿನಂತೆ ಕರೆಂಟು ಹೋಯಿತು. ಬೇಲಿಯ ಕಳ್ಳಿ, ಬಣವೆ, ಕಟ್ಟಿದ ಎತ್ತು ಎಲ್ಲವೂ ಒಂದೇ ಕಪ್ಪಾಗಿ, ಭಜನೆಯ ತಾಳ ಮಾತ್ರ ಗಾಳಿಯಲ್ಲಿ ಬಂದು ಹೋಗುತ್ತಿತ್ತು.

ಅಳಿಯ ಕರಿಕಂಬಳಿ ಹಾಸಿ ಅಂಗಾತ ಮಲಗಿದ್ದ. ತಲೆಯ ಎರಡೂ ಬದಿಗೆ ಹುಲ್ಲಿನ ಸಿವುಡು, ಮೊಣಕೈ ಊರಲು. ಎದೆಯ ಮೇಲೆ ಅಡ್ಡಲಾಗಿ ಒಂದು ಕವೆಗೋಲು. ಅದರ ಕವೆಯಲ್ಲಿ ಕೂತಿದ್ದ ಹಳೆಯ ರಷ್ಯನ್ ಬೈನಾಕ್ಯುಲರ್ ನೆತ್ತಿಯ ಕಡೆಗೆ ಮುಖ ಮಾಡಿತ್ತು. ಅರ್ಧ ಗಂಟೆ ಅಲುಗಾಡದೆ ಬಿದ್ದಿದ್ದವನನ್ನು ನೋಡಿ ನೋಡಿ ಮಾವನಿಗೆ ಸಾಕಾಯಿತು.

"ಅಲ್ಲೇನೈತೋ ಅಳಿಯಾ, ಅಷ್ಟೊತ್ತಿಂದ ನೋಡ್ತಾ ಇದೀಯ?"

"ಮೋಡ, ಮಾವ."

ಮಾವ ತಲೆಯೆತ್ತಿ ಆಕಾಶವನ್ನು ಒಂದು ಸುತ್ತು ನೋಡಿದರು. ಚುಕ್ಕೆಗಳು ಎರಚಿ ಬಿದ್ದಿದ್ದವು. "ಮಳೆ ಹೋಗಿ ನಾಕು ತಿಂಗಳಾತು. ಎಲ್ಲಿಂದ ಬಂತೋ ಮೋಡ?" ಎಂದು ಕಂಬಳಿ ಹೊದ್ದು ಮಗ್ಗುಲಾದರು.

ಅವನು ನೋಡುತ್ತಿದ್ದದ್ದು ನಿಜವಾಗಿಯೂ ಮೋಡವನ್ನೇ. ಏಕಶೃಂಗಿ ಪುಂಜದ ರೋಸೆಟ್ ನೀಹಾರಿಕೆ, ಸುಮಾರು 5,000 ಜ್ಯೋತಿರ್ವರ್ಷ ದೂರದ ಹೈಡ್ರೋಜನ್ ಮೋಡ. ಆರ್ದ್ರಾ ನಕ್ಷತ್ರದಿಂದ ಪ್ರೋಸಿಯಾನ್ ಕಡೆಗೆ ಮೂರರಲ್ಲೊಂದು ಪಾಲು ದಾರಿ ಸವೆಸಿದರೆ ಆ ಜಾಗ ಸಿಗುತ್ತದೆ. ಫೆಬ್ರವರಿಯ ರಾತ್ರಿ ಎಂಟೂವರೆಗೆ ನಮ್ಮ ಕಡೆ ಅದು ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ನಿಂತು ನೋಡಿದರೆ ಕುತ್ತಿಗೆ ಉಳಿಯುವುದಿಲ್ಲ, ಮಲಗಲೇಬೇಕು. ಅಗಲದಲ್ಲಿ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟದ್ದಕ್ಕಿಂತ ದೊಡ್ಡದು. ಅಷ್ಟು ದೊಡ್ಡದಿದ್ದೂ ಕಾಣುವುದು ಕಷ್ಟ, ಏಕೆಂದರೆ ಅದರ ಬೆಳಕೆಲ್ಲ ಆ ಅಗಲಕ್ಕೆ ತೆಳ್ಳಗೆ ಹರಡಿಹೋಗಿದೆ. ಬೊಗಸೆ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸಿದ ಹಾಗೆ.

ಬೈನಾಕ್ಯುಲರ್ ಅವನ ಕೈಗೆ ಬಂದದ್ದು ಹಿಂದಿನ ವರ್ಷ, ಹೇಲ್-ಬಾಪ್ ಧೂಮಕೇತುವಿನ ನೆವದಲ್ಲಿ. 1997ರ ಮಾರ್ಚ್-ಏಪ್ರಿಲ್‌ನಲ್ಲಿ ವಾಯವ್ಯದ ಸಂಜೆಗೆಂಪಿನ ಮೇಲೆ ನಿಂತಿದ್ದ ಆ ಬಾಲಚುಕ್ಕಿಯನ್ನು ಬೆಂಗಳೂರಿನ ತಾರಸಿಗಳಿಂದಲೂ ಜನ ನೋಡಿದರು. ಧೂಮಕೇತು ಹೋಯಿತು, ಸೆಕೆಂಡ್‌ಹ್ಯಾಂಡ್ ಬೈನಾಕ್ಯುಲರ್ ಉಳಿಯಿತು. 10×50 ಎಂದರೆ ಹತ್ತು ಪಟ್ಟು ಹಿಗ್ಗಿಸುವ, ಐವತ್ತು ಮಿಲಿಮೀಟರ್ ಗಾಜಿನದು. ಜೊತೆಗೆ ಲೈಬ್ರರಿಯಿಂದ ತಂದ ಜಿ.ಟಿ. ನಾರಾಯಣ ರಾವ್ ಅವರ 'ನಕ್ಷತ್ರವೀಕ್ಷಣೆ'. ಪುಂಜಗಳ ಹೆಸರು ಕನ್ನಡದಲ್ಲೇ ಬಾಯಿಗೆ ಬಂದದ್ದು ಹಾಗೆ: ಮಹಾವ್ಯಾಧ, ಏಕಶೃಂಗಿ, ರಾಜಹಂಸ, ಗರುಡ.

ನೀಹಾರಿಕೆ ಎಂಬ ಮಾತೂ ಅಲ್ಲಿಂದಲೇ ನಾಲಿಗೆಗೆ ಹತ್ತಿತು. ನೀಹಾರ ಎಂದರೆ ಮಂಜು, ಇಬ್ಬನಿ. ಕನ್ನಡದ ಓದುಗನಿಗೆ ಈ ಪದವೊಂದೇ ಅರ್ಧ ಪಾಠ. ಹೊಲದ ಬದುವಿನ ಮೇಲೆ ಬೆಳಗಿನ ಜಾವ ನಿಂತ ಮಂಜನ್ನು ನೋಡಿದವರಿಗೆ ಗೊತ್ತು, ಅದಕ್ಕೆ ಅಂಚಿರುವುದಿಲ್ಲ. ಇಲ್ಲಿ ಶುರುವಾಯಿತು, ಅಲ್ಲಿ ಮುಗಿಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಗೆರೆ ಎಳೆಯಲು ಬಾರದ್ದನ್ನು ಚಿತ್ರ ಬರೆಯಲು ಹೊರಟಿದ್ದ ಅವನು.

ಸಾಮಾನು ದೊಡ್ಡದೇನಲ್ಲ. ಇನ್ನೂರು ಪುಟದ ಗೀಟಿಲ್ಲದ ನೋಟ್‌ಬುಕ್. ಪುಟಕ್ಕೊಂದರಂತೆ ಲೋಟ ಬೋರಲು ಹಾಕಿ ಎಳೆದ ವೃತ್ತ. ಬೈನಾಕ್ಯುಲರಿನಲ್ಲಿ ಒಂದೇ ನೋಟಕ್ಕೆ ಸಿಗುವ ಸುಮಾರು ಆರೂವರೆ ಡಿಗ್ರಿ ಆಕಾಶ ಅದರೊಳಗೆ ಕೂರಬೇಕು. 2ಬಿ, 4ಬಿ ಪೆನ್ಸಿಲ್, ಒಂದು ರಬ್ಬರು. ಎರಡು ಸೆಲ್ಲಿನ ಟಾರ್ಚಿನ ಮುಖಕ್ಕೆ ನಾಲ್ಕು ಮಡಿಕೆ ಕೆಂಪು ಜಿಲೇಟಿನ್ ಕಾಗದ, ದಾರದಲ್ಲಿ ಕಟ್ಟಿದ್ದು. ಇನ್ನೊಂದು ವಸ್ತು ಅತ್ತೆಯ ದೇವರಮನೆಯದು: ಹೂಬತ್ತಿ. ಬಿಳಿ ಕಾಗದದ ಮೇಲೆ ನೀಹಾರಿಕೆಯನ್ನು ತಿರುವುಮುರುವಾಗಿ ಬರೆಯುವುದು ವಾಡಿಕೆ. ಆಕಾಶ ಬಿಳಿ, ಚುಕ್ಕೆ ಕಪ್ಪು, ಬೆಳಕು ಬೂದು. ಪೆನ್ಸಿಲಿನ ಪುಡಿಯನ್ನು ಬೇರೊಂದು ಹಾಳೆಯ ಮೇಲೆ ಕೆರೆದಿಟ್ಟುಕೊಂಡು, ಹೂಬತ್ತಿಯ ಬುಡವನ್ನು ಅದರಲ್ಲಿ ಸೋಕಿಸಿ, ವೃತ್ತದೊಳಗೆ ಗುಂಡಗೆ ತೀಡಬೇಕು. ಬೆರಳಿನಲ್ಲಿ ತೀಡಿದರೆ ಎಣ್ಣೆಯಂಶ ಹತ್ತಿ ಕಲೆಯಾಗುತ್ತದೆ. ಹತ್ತಿ ಮಾತ್ರ ಉಸಿರು ಬಿಟ್ಟಷ್ಟೇ ಬೂದನ್ನು ಇಳಿಸುತ್ತದೆ.

ಆ ಶಿವರಾತ್ರಿ ಅವನು ಬರೆದ ರೋಸೆಟ್ ಬಹಳ ಚೆಂದವಿತ್ತು. ನಡುವೆ ಎರಡು ಸಾಲಿನಲ್ಲಿ ನಿಂತ ಆರು ನಕ್ಷತ್ರಗಳ ಗುಚ್ಛ, ಅದರ ಸುತ್ತ ದುಂಡನೆಯ ಖಾಲಿ, ಖಾಲಿಯ ಸುತ್ತ ಎಸಳೆಸಳಾದ ಉಂಗುರ, ಎಸಳುಗಳ ನಡುವೆ ಕಪ್ಪು ಸೀಳು. ಬೆಂಗಳೂರಿಗೆ ಮರಳಿ ಗೆಳೆಯರಿಗೆ ತೋರಿಸಿದಾಗ ಎಲ್ಲರೂ ಬೆರಗಾದರು. ಅವನಿಗೂ ಹೆಮ್ಮೆಯಾಗಿತ್ತು.

ಎರಡು ವರ್ಷದ ನಂತರ, 2000ದ ಫೆಬ್ರವರಿ ಅಮಾವಾಸ್ಯೆಯ ಹೊತ್ತಿಗೆ, ಅದೇ ಕಣ, ಅದೇ ಕಂಬಳಿ, ಅದೇ ಕವೆಗೋಲು. ಹಳೆಯ ಪುಟ ತೆರೆಯದೆ ಮತ್ತೊಮ್ಮೆ ಬರೆದ. ಈ ಸಲ ಉಂಗುರವೇ ಪೂರ್ತಿಯಾಗಲಿಲ್ಲ. ಗುಚ್ಛದ ಪಶ್ಚಿಮಕ್ಕೂ ವಾಯವ್ಯಕ್ಕೂ ಬಾಗಿದ ಒಂದು ಬಿಳಿಚು ಪಟ್ಟಿ, ಉಳಿದ ಕಡೆ ಇದೆಯೋ ಇಲ್ಲವೋ ಎಂಬಂಥ ಬೆಳಕು. ಎಸಳಿಲ್ಲ, ಸೀಳಿಲ್ಲ. ಬೆಳಗ್ಗೆ ಜಗಲಿಯಲ್ಲಿ ಕೂತು ಎರಡೂ ಪುಟ ಪಕ್ಕಪಕ್ಕ ಹಿಡಿದಾಗ ವಿಷಯ ತಿಳಿಯಿತು. ಮೊದಲ ಸಲ ಅವನು ಬರೆದದ್ದು ಆಕಾಶವನ್ನಲ್ಲ, ಲೈಬ್ರರಿಯ ಇಂಗ್ಲಿಷ್ ಪುಸ್ತಕವೊಂದರಲ್ಲಿ ನೋಡಿದ್ದ ಬಣ್ಣದ ಫೋಟೋವನ್ನು. ಆ ಎಸಳುಗಳು, ಆ ಸೀಳುಗಳು ಐವತ್ತು ಮಿಲಿಮೀಟರ್ ಗಾಜಿಗೆ ದಕ್ಕುವಂಥವೇ ಅಲ್ಲ. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ ಅದು. ಕಣ್ಣು ಎಲ್ಲಿ ಅನುಮಾನಿಸಿತೋ ಅಲ್ಲಿ ನೆನಪು ಮುಂದೆ ಬಂದು ತುಂಬಿಕೊಟ್ಟಿತ್ತು. ಅವನು ಆ ಪುಟ ಹರಿಯಲಿಲ್ಲ. ಕೆಳಗೆ ಇಷ್ಟು ಬರೆದ: "ಇದು ಫೋಟೋ ನೋಡಿ ಬರೆದ ಚಿತ್ರ. ನೋಡುವಾಗ ನನಗೆ ಗೊತ್ತಾಗಲಿಲ್ಲ."

ಅಲ್ಲಿಂದ ಮುಂದೆ ಒಂದು ಕಟ್ಟುಪಾಡು. ಮೊದಲ ಕಾಲು ಗಂಟೆ ಬರೀ ಚುಕ್ಕೆ, ಮಂಜಿನ ಕಡೆ ಗಮನವೇ ಬೇಡ. ಚುಕ್ಕೆಗಳು ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲೆ ಅವೇ ಗೂಟಗಳು. ಮಂಜು ಯಾವ ಗೂಟದಿಂದ ಯಾವ ಗೂಟಕ್ಕೆ ಚಾಚಿದೆ ಎಂದು ನೋಡುವುದು ಆಮೇಲೆ. ಕಂಡದ್ದನ್ನು ತಕ್ಷಣ ಬರೆಯುವಂತಿಲ್ಲ. ಕಣ್ಣು ಮುಚ್ಚಿ ಹತ್ತು ಉಸಿರು, ಮತ್ತೆ ನೋಟ. ಮೂರು ಸಲ ಒಂದೇ ಜಾಗದಲ್ಲಿ ಕಂಡರೆ ಹೂಬತ್ತಿ ಎತ್ತಿಕೊಳ್ಳಬಹುದು. ಒಂದೇ ಸಲ ಕಂಡದ್ದಕ್ಕೆ ಪುಟದಲ್ಲಿ ಜಾಗವಿಲ್ಲ.

ಕಣ್ಣಿನ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು. ಕತ್ತಲೆಯಲ್ಲಿ ಪಾಪೆ ಹಿಗ್ಗುವುದು ಕ್ಷಣಗಳ ಕೆಲಸ, ಆದರೆ ಅಕ್ಷಿಪಟಲದ ದಂಡಕೋಶಗಳು ಪೂರ್ತಿ ಚುರುಕಾಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಬ್ಬರು ಬೀಡಿಗೆ ಕಡ್ಡಿ ಗೀರಿದರೆ ಅಷ್ಟೂ ಲೆಕ್ಕ ಮತ್ತೆ ಮೊದಲಿನಿಂದ. ದಂಡಕೋಶಗಳಿಗೆ ಕೆಂಪು ಬೆಳಕು ಹೆಚ್ಚು ತಟ್ಟುವುದಿಲ್ಲ. ಟಾರ್ಚಿಗೆ ಕೆಂಪು ಕಾಗದ ಸುತ್ತುವುದು ಇದೇ ಕಾರಣಕ್ಕೆ. ಫೋಟೋದಲ್ಲಿ ಗುಲಾಬಿಯಾಗಿ ಉರಿಯುವ ರೋಸೆಟ್ ಕಣ್ಣಿಗೆ ಬೂದಿಯಾಗಿ ಕಾಣುವುದೂ ಇದರಿಂದಲೇ. ಇನ್ನೊಂದು ವಿಚಿತ್ರ: ನಟ್ಟನಡುವೆ ನಾವು ಅಕ್ಷರ ಓದುವ ಜಾಗದಲ್ಲಿ ದಂಡಕೋಶಗಳೇ ಇಲ್ಲ. ದಿಟ್ಟಿಸಿ ನೋಡಿದರೆ ನೀಹಾರಿಕೆ ಮಾಯ. ಪಕ್ಕದ ಚುಕ್ಕೆಯ ಮೇಲೆ ಕಣ್ಣಿಟ್ಟರೆ ಮೆಲ್ಲಗೆ ಮೂಡುತ್ತದೆ. ಓರೆನೋಟ ಎಂಬ ಮಾತು ಕನ್ನಡದಲ್ಲಿ ಶೃಂಗಾರಕ್ಕೆ ಮೀಸಲಾಗಿದೆ. ಆಕಾಶ ನೋಡುವವನಿಗೆ ಅದು ಕೆಲಸದ ಸಲಕರಣೆ. ಕವೆಗೋಲಿಗೆ ಬೆರಳಲ್ಲಿ ಮೆಲ್ಲನೆ ತಟ್ಟಿದರೆ ನೋಟ ನಡುಗುತ್ತದೆ, ಆ ನಡುಕದಲ್ಲಿ ಮಂಜಿನ ಅಂಚು ಇನ್ನಷ್ಟು ಎದ್ದು ಕಾಣುತ್ತದೆ. ಅಲುಗಾಡಿದ್ದನ್ನು ಕಣ್ಣು ಬೇಗ ಹಿಡಿಯುತ್ತದಲ್ಲ, ಹಾಗೆ.

ದೊಡ್ಡ ದೂರದರ್ಶಕವಿದ್ದರೆ ಇಷ್ಟೆಲ್ಲ ಪಾಡು ಯಾಕೆ ಎಂದು ಅವನನ್ನು ಕೇಳಿದವರು ಬಹಳ. ಯಾವ ಗಾಜೂ ನೀಹಾರಿಕೆಯ ಮೈಯನ್ನು ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಬೆಳಗಿಸಲಾರದು, ಹಿಗ್ಗಿಸಬಲ್ಲದು ಅಷ್ಟೇ. ಆದರೆ ಹಿಗ್ಗಿಸಿದಷ್ಟೂ ಸುತ್ತಲಿನ ಕಪ್ಪು ಆಕಾಶ ನೋಟದಿಂದ ಆಚೆ ಹೋಗುತ್ತದೆ. ಸುತ್ತ ಕಪ್ಪಿದ್ದರೆ ತಾನೇ ನಡುವಿನ ಬೂದು ಬೂದೆಂದು ತಿಳಿಯುವುದು? ರೋಸೆಟ್‌ನ ಕಥೆಯಲ್ಲೇ ಇದಕ್ಕೆ ಸಾಕ್ಷಿಯಿದೆ. 19ನೇ ಶತಮಾನದಲ್ಲಿ ಜಾನ್ ಹರ್ಷೆಲ್ ಒಂದು ತುಣುಕು ಕಂಡ, ಆಲ್ಬರ್ಟ್ ಮಾರ್ತ್ ಇನ್ನೊಂದು, ಲೂಯಿಸ್ ಸ್ವಿಫ್ಟ್ ಮತ್ತೆರಡು. ಒಂದೇ ಹೂವಿಗೆ ಖಗೋಳಜ್ಞರ ಪಟ್ಟಿಯಲ್ಲಿ 2237, 2238, 2239, 2246 ಎಂದು ನಾಲ್ಕು ಸಂಖ್ಯೆ ಬಿದ್ದದ್ದು ಹಾಗೆ.

ಅವನಿಗೆ ಎಲ್ಲರಿಗಿಂತ ಹತ್ತಿರದವನಾಗಿ ಕಂಡವನು ವಿಲ್‌ಹೆಲ್ಮ್ ಟೆಂಪೆಲ್. 1821ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿದವನು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಕಸುಬು ಕಲ್ಲಚ್ಚಿನ ಚಿತ್ರ. ನಾಲ್ಕು ಅಂಗುಲದ ಪುಟ್ಟ ದೂರದರ್ಶಕ ಕೊಂಡು ವೆನಿಸ್ ನಗರದ ಹಳೆಯ ಅರಮನೆಯೊಂದರ ಸುರುಳಿ ಮೆಟ್ಟಿಲ ಗೋಪುರದ ತುದಿಯಿಂದ ಆಕಾಶ ನೋಡುತ್ತಿದ್ದ. 1859ರ ಅಕ್ಟೋಬರ್ 19ರಂದು ಕೃತ್ತಿಕೆಯ ಮೆರೋಪೆ ಎಂಬ ನಕ್ಷತ್ರದಿಂದ ದಕ್ಷಿಣಕ್ಕೆ ಹರಡಿದ ಮಂಜನ್ನು ಗುರುತಿಸಿದ. ಕನ್ನಡಿಯ ಮೇಲೆ ಉಸಿರು ಬಿಟ್ಟಂತಿದೆ ಎಂದ. ಅವನದಕ್ಕಿಂತ ಎಷ್ಟೋ ದೊಡ್ಡ ದೂರದರ್ಶಕ ಇಟ್ಟುಕೊಂಡವರಲ್ಲಿ ಕೆಲವರಿಗೆ ಅದು ಕಾಣಲೇ ಇಲ್ಲ. ಇದೆ, ಇಲ್ಲ ಎಂಬ ವಾದ ವರ್ಷಗಟ್ಟಲೆ ನಡೆಯಿತು. 1880ರ ದಶಕದಲ್ಲಿ ಪ್ಯಾರಿಸ್ಸಿನ ಆನ್ರಿ ಸಹೋದರರು ತೆಗೆದ ಛಾಯಾಚಿತ್ರಗಳಲ್ಲಿ ಕೃತ್ತಿಕೆಯ ಸುತ್ತ ಮಂಜು ಮೂಡಿದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಅದು ಸ್ವಂತ ಬೆಳಕಲ್ಲ, ಧೂಳಿನ ಮೇಲೆ ಬಿದ್ದು ಹಿಂತಿರುಗುವ ನಕ್ಷತ್ರದ್ದೇ ಬೆಳಕು ಎಂದು 1912ರಲ್ಲಿ ವೆಸ್ಟೋ ಸ್ಲೈಫರ್ ರೋಹಿತ ನೋಡಿ ಹೇಳಿದ.

ಆ ಉಸಿರನ್ನು ತಾನೂ ಕಾಣಬೇಕೆಂದು ಅವನು ಮೂರು ಚಳಿಗಾಲ ಕಳೆದ. 2001ರ ಡಿಸೆಂಬರಿನ ಒಂದು ರಾತ್ರಿ ಕಂಡೇಬಿಟ್ಟಿತು. ಮೆರೋಪೆಯ ಸುತ್ತ ತೆಳು ಬೆಳಕು! ಕೈ ನಡುಗುತ್ತಿದ್ದರೂ ಚುಕ್ಕೆಗಳನ್ನು ಕೂರಿಸಿದ, ಹತ್ತು ಉಸಿರು ಎಣಿಸಿದ, ಮೂರು ಸಲ ನೋಡಿದ, ಹೂಬತ್ತಿ ತೀಡಿದ. ಮುಗಿಸಿ ಸುಮ್ಮನೆ ಪಕ್ಕಕ್ಕೆ, ರೋಹಿಣಿಯ ಕಡೆ ತಿರುಗಿಸಿದರೆ ಅಲ್ಲೂ ಪ್ರತಿ ಚುಕ್ಕೆಗೆ ಅಂಥದೇ ಪ್ರಭೆ. ಗಾಜಿನ ಮೇಲೆ ಬೆರಳಿಟ್ಟ. ಒದ್ದೆ. ಇಬ್ಬನಿ ಕೂತಿತ್ತು. ನೀಹಾರಿಕೆಯೆಂದು ಅವನು ಬರೆದುಕೊಂಡದ್ದು ಅಕ್ಷರಶಃ ನೀಹಾರವನ್ನೇ. ಅಂದಿನಿಂದ ಕೃತ್ತಿಕೆ ನೋಡುವ ಮೊದಲು ರೋಹಿಣಿಯನ್ನು ನೋಡುವುದು ಅಭ್ಯಾಸವಾಯಿತು. ಅಲ್ಲಿ ಪ್ರಭೆಯಿದ್ದರೆ ಅಂದಿನ ಪುಟ ಮುಚ್ಚುವುದು. ಗಾಜಿನ ಮುಂದೆ ರಟ್ಟಿನ ಕೊಳವೆ ಸಿಕ್ಕಿಸಿದರೆ ಇಬ್ಬನಿ ಒಂದೆರಡು ಗಂಟೆ ತಡವಾಗಿ ಕೂರುತ್ತದೆ. ಹಾಗೆ ಸಿಕ್ಕಿಸಿಕೊಂಡು ಕೂತು, 2003ರ ಜನವರಿಯಲ್ಲಿ, ರೋಹಿಣಿ ಚೊಕ್ಕವಾಗಿದ್ದ ರಾತ್ರಿ, ಮೆರೋಪೆಯ ದಕ್ಷಿಣಕ್ಕೆ ಮಾತ್ರ ಬೀಸಣಿಗೆಯಂತೆ ಬಿಚ್ಚಿದ ಬೂದನ್ನು ಕೊನೆಗೂ ಕಂಡ. ಪುಟದ ಮೇಲೆ ಅದು ಹೂಬತ್ತಿಯ ಎರಡೇ ಸವರು. ಬೇರೆಯವರು ನೋಡಿದರೆ ಕಾಗದದ ಕೊಳೆ ಎನ್ನಬೇಕು.

ಬೆಳಕನ್ನು ಬರೆಯುವುದು ಒಂದು ತರಹ, ಕತ್ತಲನ್ನು ಬರೆಯುವುದು ಇನ್ನೊಂದು ತರಹ. ಮುಂಗಾರು ಹಿಂದೆ ಸರಿದ ಅಕ್ಟೋಬರಿನ ಸಂಜೆ, ಮಳೆ ತೊಳೆದ ಗಾಳಿಯಲ್ಲಿ, ಗರುಡ ಪುಂಜದ ಶ್ರವಣ ನಕ್ಷತ್ರದ ಪಕ್ಕದ ಟಾರಾಜೆಡ್ ಹತ್ತಿರ ಬೈನಾಕ್ಯುಲರ್ ಹಿಡಿದರೆ ಆಕಾಶಗಂಗೆಯ ಹಿಟ್ಟಿನ ಮೇಲೆ ಯಾರೋ ಇಂಗ್ಲಿಷಿನ ಇ ಅಕ್ಷರ ಕೊರೆದ ಹಾಗೆ ಕಪ್ಪು ಕಾಣುತ್ತದೆ. ಬಾರ್ನಾರ್ಡ್ 142 ಮತ್ತು 143. ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಬಡತನದಲ್ಲಿ ಬೆಳೆದು, ಒಂಬತ್ತನೇ ವಯಸ್ಸಿಗೇ ನ್ಯಾಶ್‌ವಿಲ್‌ನ ಫೋಟೋ ಸ್ಟುಡಿಯೋದಲ್ಲಿ ದುಡಿಮೆಗೆ ನಿಂತವನು. 1919ರಲ್ಲಿ ಇಂಥ 182 ಕಪ್ಪು ಗುರುತುಗಳ ಪಟ್ಟಿ ಮಾಡಿದ. ನಕ್ಷತ್ರಗಳ ನಡುವಿನ ತೂತುಗಳೇನೋ ಎಂದು ಅವನಿಗೆ ಮೊದಮೊದಲು ಅನ್ನಿಸಿತ್ತು. ಮುಂದೆ ನಿಂತು ಬೆಳಕು ತಡೆಯುವ ಮೋಡಗಳಿವು ಎಂದು ಒಪ್ಪಲು ಬಹಳ ವರ್ಷ ಹಿಡಿಯಿತು. ತಿರುವುಮುರುವು ಚಿತ್ರದಲ್ಲಿ ಈ ಮೋಡ ಬರೆಯುವ ಬಗೆಯೇ ಬೇರೆ. ಸುತ್ತಲಿನ ಆಕಾಶಗಂಗೆಯನ್ನೆಲ್ಲ ಹೂಬತ್ತಿಯಲ್ಲಿ ತುಂಬಬೇಕು, ಮೋಡವಿರುವ ಜಾಗವನ್ನು ಮುಟ್ಟದೆ ಬಿಡಬೇಕು. ಒಂದೂವರೆ ಗಂಟೆ ಕೂತು ಅವನು ಬಿಟ್ಟ ಆ ಖಾಲಿ ಕಾಗದವೇ, ಅವನ ಮಟ್ಟಿಗೆ, ಅವನು ಬರೆದ ಅತ್ಯುತ್ತಮ ನೀಹಾರಿಕೆ.

2023ರ ಅಕ್ಟೋಬರಿನಲ್ಲಿ ಲಡಾಖಿನ ಹಾನ್ಲೆಗೆ ಹೋಗಿಬಂದ. ಹಿಂದಿನ ಡಿಸೆಂಬರಿನಲ್ಲಷ್ಟೇ ಅದು ಕತ್ತಲಾಕಾಶದ ಮೀಸಲು ಪ್ರದೇಶವಾಗಿತ್ತು. ಸುಮಾರು 4,500 ಮೀಟರ್ ಎತ್ತರದಲ್ಲಿ ಅಲ್ಲಿ ನಿಂತಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕೂತಿದ್ದಾರೆ. ಬೆಂಗಳೂರಿನ ಬೆಳಕಿನ ಅಂಚಿನಲ್ಲಿ ಕೂತು ಹಿಮಾಲಯದ ಕತ್ತಲನ್ನು ನೋಡುತ್ತಾರೆ. ಅವನ ಕಂಬಳಿ ಅಲ್ಲಿಯ ಚಳಿಗೆ ಯಾತಕ್ಕೂ ಸಾಲಲಿಲ್ಲ. ಆಶ್ಚರ್ಯವೆಂದರೆ ಮೊದಲ ರಾತ್ರಿ ಅವನು ಕಂಡದ್ದು ನೆನೆಸಿದ್ದಕ್ಕಿಂತ ಕಡಿಮೆ. ಪ್ರಾಣವಾಯು ಕಡಿಮೆಯಾದಾಗ ಮೈಯಲ್ಲಿ ಮೊದಲು ಸೊರಗುವವುಗಳಲ್ಲಿ ಇರುಳುನೋಟವೂ ಒಂದು. ನಿಮಿಷ ಹೊತ್ತು ಆಳವಾಗಿ ಉಸಿರೆಳೆದರೆ ಆಕಾಶಗಂಗೆ ಕಣ್ಣೆದುರೇ ದಟ್ಟವಾಗುತ್ತಿತ್ತು, ಉಸಿರು ಮಾಮೂಲಿಗೆ ಬಂದರೆ ಮತ್ತೆ ಸೊರಗುತ್ತಿತ್ತು. ಮೂರನೆಯ ರಾತ್ರಿ ಪಾರ್ಥ ಪುಂಜದ ಕ್ಯಾಲಿಫೋರ್ನಿಯ ನೀಹಾರಿಕೆಗೆ ಕೂತ. ಊರಿನಲ್ಲಿ ನಾಲ್ಕು ಚಳಿಗಾಲ ಹುಡುಕಿ ಸಿಗದ್ದು ಅಲ್ಲೂ ಸಿಗಲಿಲ್ಲ. ಚುಕ್ಕೆಗಳನ್ನಷ್ಟೇ ಇಟ್ಟು, "ಕಾಣಲಿಲ್ಲ" ಎಂದು ಬರೆದು ಪುಟ ಮುಚ್ಚಿದ. ಅವನ ನೋಟ್‌ಬುಕ್ಕುಗಳಲ್ಲಿ ಅಂಥ ಪುಟಗಳು ಎಪ್ಪತ್ತಕ್ಕೂ ಹೆಚ್ಚಿವೆ. ಒಂದನ್ನೂ ಅವನು ವ್ಯರ್ಥವೆಂದು ಎಣಿಸಿಲ್ಲ.

ಹಾನ್ಲೆಯಿಂದ ಎಂದೂ ಕಾಣದ್ದು ಚಳ್ಳಕೆರೆಯಿಂದ ಕಾಣುತ್ತದೆ. ದೇವನೌಕೆ ಪುಂಜದ ಈಟಾ ಕರೀನಾ ನೀಹಾರಿಕೆ. ಲಡಾಖಿಗೆ ಅದು ದಿಗಂತದ ಕೆಳಗೇ ಉಳಿದುಬಿಡುತ್ತದೆ. ಇಲ್ಲಿ ಏಪ್ರಿಲಿನ ರಾತ್ರಿ ಒಂಬತ್ತೂವರೆಗೆ ದಕ್ಷಿಣದಲ್ಲಿ ಹದಿನಾರು ಡಿಗ್ರಿ ಮೇಲೆ, ಕಣದಾಚೆಯ ಹುಣಸೆಮರದ ನೆತ್ತಿಗೆ ಬಂದು ನಿಲ್ಲುತ್ತದೆ. ಜಾನ್ ಹರ್ಷೆಲ್ 1834ರಿಂದ 1838ರವರೆಗೆ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿದ್ದಾಗ ಇದನ್ನು ಬರೆಯಲು ತಿಂಗಳುಗಟ್ಟಲೆ ಕೂತ. ಇದರ ನಡುವಿನ ಈಟಾ ನಕ್ಷತ್ರ 1837ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಉಜ್ವಲವಾದದ್ದನ್ನು ಕಂಡ. 1843ರಲ್ಲಿ ಅದು ಲುಬ್ಧಕದ ನಂತರ ಆಕಾಶದ ಎರಡನೆಯ ಪ್ರಕಾಶಮಾನ ನಕ್ಷತ್ರವೇ ಆಗಿತ್ತು. ಬೈನಾಕ್ಯುಲರಿನಲ್ಲಿ ನೀಹಾರಿಕೆಯ ನಡುವೆ ಇಂಗ್ಲಿಷಿನ ವಿ ಅಕ್ಷರದಂಥ ಕಪ್ಪು ಸೀಳೊಂದಿದೆ. 1999ರ ಪುಟದಲ್ಲಿ ಆ ಸೀಳಿನ ಎರಡೂ ತೋಳು ನೀಟಾಗಿ ಬಂದಿವೆ, ಮಂಜು ಎರಡು ಡಿಗ್ರಿ ಹರಡಿದೆ. 2008ರ ಪುಟದಲ್ಲಿ ಒಂದು ತೋಳು ಅನುಮಾನ. 2019ರಲ್ಲಿ ಸೀಳೂ ಇಲ್ಲ, ಮಂಜಿನ ಹೊರ ಅರ್ಧವೂ ಇಲ್ಲ.

ನೀಹಾರಿಕೆ ಕುಗ್ಗಿಲ್ಲ. ಕಣ್ಣು ಮಂದವಾಯಿತೇ ಎಂದು ಅವನು ಮೊದಲು ಅನುಮಾನಿಸಿದ. ಹರೆಯದಲ್ಲಿ ಏಳು ಮಿಲಿಮೀಟರ್ ಹಿಗ್ಗುವ ಪಾಪೆ ಐವತ್ತರ ಆಚೆ ಐದಕ್ಕೆ ನಿಲ್ಲುವುದುಂಟು. ಆದರೆ 10×50 ಬೈನಾಕ್ಯುಲರಿನಿಂದ ಹೊರಬರುವ ಬೆಳಕಿನ ಕೋಲೂ ಐದೇ ಮಿಲಿಮೀಟರ್ ದಪ್ಪ. ಆ ಲೆಕ್ಕದಲ್ಲಿ ಅವನು ಕಳೆದುಕೊಂಡದ್ದು ಅಷ್ಟೇನಿಲ್ಲ. ನೆತ್ತಿಯ ಮೇಲಿನ ರೋಸೆಟ್ 2019ರಲ್ಲೂ ಹೆಚ್ಚುಕಡಿಮೆ 2000ದಂತೆಯೇ ಬಂದಿದೆ. ಬದಲಾದದ್ದು ದಕ್ಷಿಣದ ದಿಗಂತ. ಊರಿನ ಕಂಬಗಳಿಗೆ ಬಿಳಿ ಎಲ್‌ಇಡಿ ಬಂದಿದೆ, ಹೆದ್ದಾರಿಯ ಕಡೆ ಡಾಬಾಗಳ ಬೆಳಕು ಎದ್ದಿದೆ, ಗುಡ್ಡದ ಸಾಲಿನ ಗಾಳಿಯಂತ್ರಗಳ ಕೆಂಪು ದೀಪ ಒಟ್ಟಿಗೆ ಮಿನುಗುತ್ತದೆ. ಊರಿಗೆ ಬೆಳಕು ಬೇಡವೆಂದು ಹೇಳುವ ಮನಸ್ಸು ಅವನಿಗಿಲ್ಲ. ಲೋಡ್‌ಶೆಡ್ಡಿಂಗಿನ ದಿನಗಳಲ್ಲಿ ಅತ್ತೆ ಬುಡ್ಡಿ ಹಚ್ಚಿ ಅಡುಗೆ ಮಾಡಿದ್ದನ್ನು ಕಂಡವನು. ಆದರೆ ದೀಪಕ್ಕೊಂದು ಟೋಪಿ ಹಾಕಿ ಬೆಳಕನ್ನು ರಸ್ತೆಗೇ ಇಳಿಸಬಹುದಲ್ಲ? ಈ ಮೂರು ಪುಟಗಳ ಜೆರಾಕ್ಸ್ ಹಿಡಿದು ಅವನು ಊರ ಹಿರಿಯರ ಮುಂದೆ ಕೂತದ್ದುಂಟು. ಒಂದೇ ಕೈ, ಒಂದೇ ಗಾಜು, ಒಂದೇ ಕಣ, ಇಪ್ಪತ್ತು ವರ್ಷ: ಕತ್ತಲೆ ಎಷ್ಟು ಸವೆದಿದೆಯೆಂದು ತೋರಿಸಲು ಅವನ ಬಳಿ ಬೇರೆ ದಾಖಲೆಯಿಲ್ಲ. ಕಣದ ದಾರಿಯ ಎರಡು ಕಂಬಗಳಿಗೆ ತಗಡಿನ ಮರೆ ಬಂದಿದೆ. ಉಳಿದವು ಹಾಗೇ ಇವೆ.

2024ರ ಏಪ್ರಿಲ್, ಯುಗಾದಿಯ ಹಿಂದಿನ ಅಮಾವಾಸ್ಯೆ. ಕಣದಲ್ಲಿ ಈಗ ರಾಗಿ ಬಡಿಯುವುದಿಲ್ಲ; ಹೊಲದಲ್ಲೇ ಯಂತ್ರ ಒಕ್ಕಿ ಚೀಲ ತುಂಬುತ್ತದೆ. ಮಾವನಿಗೆ ಎಂಬತ್ತೆರಡು, ಎರಡೂ ಕಣ್ಣಿಗೆ ಪೊರೆ ತೆಗೆದಾಗಿದೆ. ಕಾಯುವುದಕ್ಕೆ ರಾಶಿಯಿಲ್ಲದಿದ್ದರೂ ಕೋಲೂರಿಕೊಂಡು ಬಂದು ಹಳೆಯ ಜಾಗದಲ್ಲಿ ಕೂತರು. ಅಳಿಯ ಕಂಬಳಿಯ ಮೇಲೆ ಬೋರಲಾಗಿ, ದಕ್ಷಿಣಕ್ಕೆ ಮುಖ ಮಾಡಿ, ಕವೆಗೋಲು ನೆಲಕ್ಕೆ ಊರಿಕೊಂಡಿದ್ದ. ಹುಣಸೆಮರದ ನೆತ್ತಿಯಲ್ಲಿ ಆರು ಚುಕ್ಕೆ ಕೂರಿಸಿಯಾಗಿತ್ತು. ಹತ್ತು ಉಸಿರು ಎಣಿಸಿ ಎರಡನೆಯ ಸಲ ನೋಡುವ ಹೊತ್ತಿಗೆ ಹಿಂದಿನಿಂದ ದನಿ ಬಂತು.

"ಅಳಿಯಾ, ಇವತ್ತು ಮೋಡ ಐತೇನೋ?"

ಅವನು ಮೂರನೆಯ ಸಲವೂ ನೋಡಿ ಮುಗಿಸಿದ ಮೇಲೆ ಉತ್ತರ ಕೊಟ್ಟ. "ಐತೆ ಮಾವ. ಒಂಚೂರು."